ಹೈಸ್ಕೂಲ್ ವಾರ್ಷಿಕೋತ್ಸವಕ್ಕೆ ಓಬವ್ವನ ನಾಟಕ: ಮಾತು ಬರೆಯುವುದರಿಂದ ಬಣ್ಣ ಒರೆಸುವವರೆಗೆ

ದಾವಣಗೆರೆ, ಚಿತ್ರದುರ್ಗ ಕಡೆಯ ಹೈಸ್ಕೂಲುಗಳ ವಾರ್ಷಿಕೋತ್ಸವ ಎಂದರೆ ಒಂದು ನಾಟಕ ಇರಲೇಬೇಕು. ಬಹಳ ಕಡೆ ಅದು ಒನಕೆ ಓಬವ್ವನದು. ಮಕ್ಕಳು ವಾರಗಟ್ಟಲೆ ಕಲಿತಿರುತ್ತಾರೆ. ವೇಷಕ್ಕೆ ದುಡ್ಡೂ ಜಾಸ್ತಿ ಖರ್ಚಾಗಿರುತ್ತದೆ. ಆದರೆ ಮೂರನೇ ಸಾಲಿನ ಆಚೆಗೆ ಒಂದು ಮಾತೂ ಕೇಳಿಸುವುದಿಲ್ಲ. ಜನ ತಮ್ಮ ಮಗುವಿನ ಫೋಟೋ ತೆಗೆದುಕೊಂಡು ಪಕ್ಕದವರ ಜೊತೆ ಮಾತಿಗೆ ಶುರು ಮಾಡುತ್ತಾರೆ. ವೇದಿಕೆ ಮೇಲಿನ ಮಕ್ಕಳಿಗೆ ಅದು ಕಾಣುತ್ತದೆ. ಅವರು ಅವಸರ ಅವಸರವಾಗಿ ಮಾತು ಒಪ್ಪಿಸಿ ಒಳಗೆ ಓಡಿಹೋಗುತ್ತಾರೆ.

ಪ್ರತಿವರ್ಷ ಹೀಗೇ ಆಗುತ್ತಿದ್ದರೆ ತಪ್ಪು ಇರುವುದು ಕೆಲಸದ ಕ್ರಮದಲ್ಲಿ. ಮೊದಲು ವೇಷದ ಅಂಗಡಿಗೆ ಅಡ್ವಾನ್ಸ್ ಕೊಡುತ್ತಾರೆ. ಆಮೇಲೆ ಹಾಡು ಹುಡುಕುತ್ತಾರೆ. ಮಾತಿನ ಕಡೆ ಗಮನ ಹೋಗುವುದು ಕೊನೆಯ ವಾರ. ಇದನ್ನು ಪೂರ್ತಿ ತಿರುವಿ ಹಾಕಬೇಕು. ಮಾತು ಮೊದಲು, ನಡಿಗೆ ಎರಡನೆಯದು, ಸಾಮಾನು ಮೂರನೆಯದು, ಬಟ್ಟೆ-ಬಣ್ಣ ಎಲ್ಲಕ್ಕಿಂತ ಕೊನೆಗೆ. ಇಲ್ಲಿ ಓಬವ್ವನ ಕಥೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮ ನಾಟಕ ಬೇರೆಯಾದರೂ ಕ್ರಮ ಇದೇ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು ಇಷ್ಟು: ಎರಡು ದಪ್ಪ ನೋಟ್‌ಬುಕ್ (ಒಂದು ಮಾತಿಗೆ, ಒಂದು ನಡಿಗೆಗೆ), ಅಳತೆ ಟೇಪು, ಸುಣ್ಣದ ಪುಡಿ, ಒಂದು ಗಡಿಯಾರ, ಎರಡು ಬೆಂಚು, ಒಂದಷ್ಟು ಕಪ್ಪು ಬಟ್ಟೆ, ಹಳೇ ಗೋಣಿಚೀಲ, ಒಂದು ತಮಟೆ, ಪ್ರಥಮ ಚಿಕಿತ್ಸೆಯ ಡಬ್ಬಿ. ಇದರ ಜೊತೆಗೆ ಒಬ್ಬರು ಶಿಕ್ಷಕರು ಪೂರ್ತಿ ಜವಾಬ್ದಾರಿ ಹೊರಬೇಕು. ನಾಲ್ಕು ಜನ ಸೇರಿ ನಿರ್ದೇಶನ ಮಾಡಿದರೆ ಮಕ್ಕಳು ಯಾರ ಮಾತು ಕೇಳಬೇಕೋ ತಿಳಿಯದೆ ಕಂಗಾಲಾಗುತ್ತಾರೆ.

1. ಹಿಂದಿನಿಂದ ದಿನ ಎಣಿಸಿ

ವಾರ್ಷಿಕೋತ್ಸವ ಸಾಮಾನ್ಯವಾಗಿ ಡಿಸೆಂಬರ್ ಅಥವಾ ಜನವರಿಯಲ್ಲಿ ಬೀಳುತ್ತದೆ. ಆ ದಿನದಿಂದ ಹಿಂದಕ್ಕೆ ಆರು ವಾರ ಎಣಿಸಿ. ಅರ್ಧವಾರ್ಷಿಕ ಪರೀಕ್ಷೆ, ದಸರಾ ರಜೆ ಎರಡೂ ಮುಗಿದಿರುತ್ತವೆ. ನವೆಂಬರ್ 11ರ ಓಬವ್ವ ಜಯಂತಿಗೇ ನಾಟಕ ಆಡಬೇಕು ಅನ್ನುವ ಶಾಲೆಗಳು ಮಾತು ಬರೆಯುವ ಕೆಲಸವನ್ನಾದರೂ ದಸರಾ ರಜೆಗೆ ಮೊದಲೇ ಮುಗಿಸಿಕೊಳ್ಳಬೇಕು.

ಮೊದಲನೇ ವಾರ ಮಾತು ಬರೆದು ಪಾತ್ರ ಹಂಚುವುದು. ಎರಡನೇ ವಾರ ಕೂತು ಓದುವುದು. ಮೂರು ಮತ್ತು ನಾಲ್ಕನೇ ವಾರ ನಡಿಗೆ. ಐದರಲ್ಲಿ ಸಾಮಾನು, ಬಟ್ಟೆ. ಆರರಲ್ಲಿ ಎಲ್ಲೂ ನಿಲ್ಲಿಸದೆ ಪೂರ್ತಿ ನಾಟಕ. ದಿನಕ್ಕೆ ಒಂದು ಗಂಟೆ, ವಾರಕ್ಕೆ ನಾಲ್ಕು ದಿನ ಸಾಕು. ಜಾಸ್ತಿ ಹೊತ್ತು ಕೂರಿಸಿದರೆ ಮಕ್ಕಳು ಬೇಸತ್ತು ಸುಮ್ನೆ ಬಾಯಿಪಾಠ ಒಪ್ಪಿಸುತ್ತಾರೆ.

ತಾಲೀಮಿನ ಹೊತ್ತು ಗೊತ್ತು ಮಾಡುವ ಮೊದಲು ಪ್ರತಿ ಮಗುವಿನ ಬಸ್ ಯಾವುದು ಎಂದು ಬರೆದುಕೊಳ್ಳಿ. ಆನಗೋಡು, ಭರಮಸಾಗರ ಕಡೆಯಿಂದ ಪಾಸಿನಲ್ಲಿ ಓಡಾಡುವ ಮಗುವಿಗೆ ಐದೂವರೆ ಬಸ್ ತಪ್ಪಿದರೆ ಮನೆ ಸೇರುವಾಗ ಕತ್ತಲಾಗಿರುತ್ತದೆ. ಒಂದು ವಾರ ಹೀಗಾದರೆ ಮನೆಯವರು ನಾಟಕವೇ ಬೇಡ ಅನ್ನುತ್ತಾರೆ. ಹೆಣ್ಣುಮಕ್ಕಳಿಗಂತೂ ಮೊದಲ ದಿನವೇ ಅನ್ನುತ್ತಾರೆ. ಪೋಷಕರ ಸಹಿ ಇರುವ ಒಂದು ಚೀಟಿ, ಮುಗಿಯುವ ಹೊತ್ತು ನಮೂದಿಸಿ, ಶುರುವಿನಲ್ಲೇ ತರಿಸಿಕೊಳ್ಳಿ. ಆ ಹೊತ್ತಿಗೆ ಬಿಡಿ. ನಾಳೆ ಮುಂದುವರಿಸಿದರಾಯಿತು.

ಮುಖ್ಯ ಪಾತ್ರಗಳು ಎಂಟು ಮತ್ತು ಒಂಬತ್ತನೇ ತರಗತಿಗೆ ಹೋಗಲಿ. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ವಿಶೇಷ ತರಗತಿ ಇರುತ್ತದೆ, ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಿರುತ್ತದೆ. ಅವರನ್ನು ಪೂರ್ತಿ ಹೊರಗೆ ಇಡುವುದೂ ಸರಿಯಲ್ಲ. ಪರದೆ ಎಳೆಯುವುದು, ದೀಪ ನೋಡಿಕೊಳ್ಳುವುದು ಇಂಥ ಕೊನೆಯ ವಾರದ ಕೆಲಸ ಅವರಿಗೆ ಕೊಡಿ.

2. ಕಥೆ ಕತ್ತರಿಸಿ, ಮಾತು ಬರೆಯಿರಿ

ಹೈಸ್ಕೂಲ್ ನಾಟಕ 20ರಿಂದ 25 ನಿಮಿಷ ಇರಲಿ. ನೋಟ್‌ಬುಕ್ಕಿನ ಒಂದು ಪುಟ ಮಾತು, ನಡಿಗೆ ಎಲ್ಲ ಸೇರಿ ವೇದಿಕೆ ಮೇಲೆ ಹತ್ತಿರ ಹತ್ತಿರ ಎರಡು ನಿಮಿಷ ಹಿಡಿಯುತ್ತದೆ. ಅಂದರೆ ಹತ್ತರಿಂದ ಹನ್ನೆರಡು ಪುಟ. ಅದಕ್ಕಿಂತ ಜಾಸ್ತಿ ಬರೆದಿದ್ದರೆ ಈಗಲೇ ಕತ್ತರಿಸಿ. ಸ್ಪರ್ಧೆಗೆ ಕಳಿಸುವ ನಾಟಕವಾದರೆ ಸಮಯ ಎಷ್ಟು, ಮಕ್ಕಳು ಎಷ್ಟು ಎಂಬ ನಿಯಮಪತ್ರವನ್ನು ಬರೆಯುವ ಮುಂಚೆ ಓದಿ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ದುರ್ಗದ ಪಾಳೇಗಾರರ ಇತಿಹಾಸವನ್ನೆಲ್ಲ ತುಂಬುತ್ತಾರೆ. ಮದಕರಿ ನಾಯಕನ ದರ್ಬಾರು, ಹೈದರಾಲಿಯ ಮುತ್ತಿಗೆ, 1779ರಲ್ಲಿ ಕೋಟೆ ಕೈತಪ್ಪಿದ್ದು, ಎಲ್ಲ. ಓಬವ್ವನ ಕಥೆ ನಡೆಯುವುದು ಒಂದು ಊಟದ ಹೊತ್ತಿನಲ್ಲಿ. ನಾಲ್ಕು ದೃಶ್ಯ ಸಾಕು. ಕಿಂಡಿಯಲ್ಲಿ ಯಾರೋ ಓಡಾಡುವುದನ್ನು ಶತ್ರುಗಳು ಗಮನಿಸುವುದು. ಕಾವಲಿನ ಗಂಡ ಊಟಕ್ಕೆ ಬಂದಾಗ ಅವಳು ನೀರಿಗೆ ಹೋಗುವುದು. ಕಿಂಡಿಯ ಹತ್ತಿರ ನಡೆದದ್ದು. ಗಂಡ ಬಂದು ನೋಡಿ ಕಹಳೆ ಊದುವುದು. ಆಮೇಲೆ ಅವಳಿಗೆ ಏನಾಯಿತು ಎಂಬುದನ್ನು ಜನ ಬೇರೆ ಬೇರೆ ರೀತಿ ಹೇಳುತ್ತಾರೆ. ಕಹಳೆಯ ಸದ್ದಿಗೇ ಪರದೆ ಬಿಟ್ಟರೆ ಆ ಗೊಂದಲ ಇರುವುದಿಲ್ಲ, ನಾಟಕಕ್ಕೂ ಒಳ್ಳೆಯ ಮುಕ್ತಾಯ ಸಿಗುತ್ತದೆ.

ಸಾಧ್ಯವಾದರೆ ಬರೆಯುವ ಮುಂಚೆ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿ. ದಾವಣಗೆರೆಯಿಂದ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್, ಬೆಳಗ್ಗೆ ಹೋಗಿ ಸಂಜೆ ಬರಬಹುದು. ಕಿಂಡಿಯಲ್ಲಿ ಪ್ರತಿ ಮಗುವೂ ಒಮ್ಮೆ ನುಸುಳಲಿ. ಮೈ ಬಗ್ಗಿಸದೆ ಅಲ್ಲಿ ಆಗುವುದಿಲ್ಲ. ಕೈಯಲ್ಲಿ ಆಯುಧ ಹಿಡಿದು ಬಗ್ಗಿ ಬರುವವನಿಗೆ ತನ್ನ ತಲೆ ಕಾಪಾಡಿಕೊಳ್ಳಲು ಯಾಕೆ ಆಗಲಿಲ್ಲ ಎಂದು ಮಕ್ಕಳಿಗೆ ತಾವಾಗಿಯೇ ಅರ್ಥವಾಗುತ್ತದೆ. ಕಿಂಡಿಯ ಹತ್ತಿರವೇ ಇರುವ ತಣ್ಣೀರು ದೋಣಿ ಎಂಬ ನೀರಿನ ಹೊಂಡವನ್ನೂ ತೋರಿಸಿ. ನೀರಿಗೆ ಹೋದವಳಿಗೆ ಸದ್ದು ಯಾಕೆ ಕೇಳಿಸಿತು ಎಂಬುದಕ್ಕೆ ಆ ಜಾಗ ನೋಡಿದರೆ ಸಾಕು.

ಈಗ ಮಾತು. ಮಕ್ಕಳ ಬಾಯಿಗೆ ಬರುವ ಮಾತನ್ನೇ ಬರೆಯಿರಿ. ಹೆಚ್ಚಿನ ನಾಟಕಗಳಲ್ಲಿ ಓಬವ್ವ ಗಂಡನಿಗೆ ಹೀಗೆ ಹೇಳುತ್ತಾಳೆ:

“ಪ್ರಾಣನಾಥಾ, ತಾವು ಭೋಜನವನ್ನು ಸ್ವೀಕರಿಸಿರಿ. ನಾನು ಜಲವನ್ನು ತರುವೆನು.”

ಅದನ್ನೇ ಹೀಗೆ ಬರೆದು ನೋಡಿ:

“ಊಟಕ್ಕೆ ಕೂತ್ಕಳ್ರಿ. ಕೊಡದಾಗ ನೀರು ಮುಗಿದೈತೆ. ಓಡೋಗಿ ತರ್ತೀನಿ.”

ಎರಡನೆಯದನ್ನು ಹೇಳುವಾಗ ಹುಡುಗಿಯ ಕೈ ತಾನಾಗಿಯೇ ಕೊಡದ ಕಡೆ ಹೋಗುತ್ತದೆ. ಮೊದಲನೆಯದನ್ನು ಹೇಳುವಾಗ ಎರಡೂ ಕೈ ನೆಟ್ಟಗೆ ಇಳಿಬಿದ್ದಿರುತ್ತವೆ. ಮನೆಯ ದೃಶ್ಯಕ್ಕೆ ನಮ್ಮ ಕಡೆಯ ಆಡುಮಾತು, ಅರಮನೆಯ ಮಾತೇನಾದರೂ ಇದ್ದರೆ ಅದಕ್ಕೆ ಸ್ವಲ್ಪ ಬಿಗಿಯಾದ ಮಾತು, ಹೀಗೆ ಹಂಚಿಕೊಳ್ಳಿ. ಮೂರು ಸಾಲಿಗಿಂತ ಉದ್ದದ ಮಾತು ಯಾರಿಗೂ ಬೇಡ.

ಮಕ್ಕಳು ಮೂಕಾಭಿನಯ ಮಾಡುತ್ತಾ ಒಬ್ಬರು ಮೈಕಿನಲ್ಲಿ ಕಥೆ ಓದುವ ಪದ್ಧತಿ ಕೆಲವು ಕಡೆ ಇದೆ. ಅದು ಸುಲಭ, ನಿಜ. ಆದರೆ ಮಕ್ಕಳು ಬಾಯಿ ಬಿಟ್ಟು ಮಾತಾಡುವುದನ್ನು ಕಲಿಯುವ ಅವಕಾಶವೇ ತಪ್ಪಿಹೋಗುತ್ತದೆ. ಸಿನಿಮಾ ಹಾಡು ಹಾಕಿ ಅದಕ್ಕೆ ಅಭಿನಯಿಸುವುದೂ ಅಷ್ಟೇ. ಅಚ್ಚಾದ ನಾಟಕವನ್ನು ಆಡುವುದಾದರೆ ಬರೆದವರ ಒಪ್ಪಿಗೆ ಪಡೆಯಿರಿ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹೇಳಬೇಕು. ಶತ್ರು ಸೈನಿಕರ ಬಾಯಲ್ಲಿ, ಅವರ ಬಗ್ಗೆ, ಧರ್ಮವನ್ನು ಆಡಿಕೊಳ್ಳುವ ಒಂದು ಸಾಲೂ ಬೇಡ. ನಿಮ್ಮ ತರಗತಿಯಲ್ಲಿ ಎಲ್ಲರ ಮಕ್ಕಳೂ ಇದ್ದಾರೆ, ನೋಡಲು ಎಲ್ಲರ ತಂದೆ ತಾಯಿಯೂ ಬರುತ್ತಾರೆ. ಸೈನಿಕ ಎಂದರೆ ಸೈನಿಕ. ಹೆದರಿಕೆಯೂ ಹಸಿವೂ ಇರುವ ಮನುಷ್ಯನಾಗಿ ಅವನನ್ನು ಬರೆದರೆ ಕಿಂಡಿಯ ದೃಶ್ಯಕ್ಕೆ ಬಿಗಿ ಬರುತ್ತದೆ.

3. ಪಾತ್ರ ಹಂಚಿ

ಮಗುವನ್ನು ತರಗತಿಯ ಕೊನೆ ಬೆಂಚಿನಲ್ಲಿ ನಿಲ್ಲಿಸಿ, ಫ್ಯಾನ್ ಹಾಕಿ, ನಾಲ್ಕು ಸಾಲು ಓದಿಸಿ. ನೀವು ಕರಿಹಲಗೆಯ ಹತ್ತಿರ ನಿಂತು ಕಣ್ಣು ಮುಚ್ಚಿ ಕೇಳಿ. ಕೇಳಿಸಿದ್ದು ಅರ್ಥವಾಯಿತಾ? ಅಷ್ಟೇ ಪರೀಕ್ಷೆ. ಎತ್ತರ, ಬಣ್ಣ, ಅಂದಚೆಂದ ನೋಡಿ ಓಬವ್ವನನ್ನು ಆರಿಸಬೇಡಿ. ಯಾರ ಮಗಳು ಎಂದು ನೋಡಿಯಂತೂ ಬೇಡ. ಮಕ್ಕಳು ಇದನ್ನು ಒಂದೇ ದಿನದಲ್ಲಿ ಪತ್ತೆ ಹಚ್ಚುತ್ತಾರೆ. ಆಮೇಲೆ ಉಳಿದವರಿಗೆ ತಾಲೀಮಿನ ಮೇಲೆ ಮನಸ್ಸೇ ಇರುವುದಿಲ್ಲ.

ಓಬವ್ವ ಮತ್ತು ಗಂಡ, ಎರಡೂ ಪಾತ್ರವನ್ನು ಇಬ್ಬಿಬ್ಬರು ಕಲಿಯಲಿ. ಡಿಸೆಂಬರ್ ಚಳಿಯಲ್ಲಿ ನೆಗಡಿ, ಜ್ವರ ಬರದೆ ಇರುವುದಿಲ್ಲ. ಬದಲಿಯಾಗಿ ಕಲಿಯುವ ಮಗುವಿಗೆ ಬೇರೆ ಒಂದು ಸಣ್ಣ ಪಾತ್ರವನ್ನೂ ಕೊಟ್ಟಿರಿ, ಇಲ್ಲದಿದ್ದರೆ ಆ ದಿನ ಅದಕ್ಕೆ ವೇದಿಕೆಯೇ ಸಿಗುವುದಿಲ್ಲ.

4. ಕೂತು ಓದಿಸಿ

ಈ ಹಂತವನ್ನು ಹಾರಿಸಿದ ನಾಟಕ ಆಮೇಲೆ ಸುಧಾರಿಸುವುದಿಲ್ಲ. ಒಂದು ವಾರ ಯಾರೂ ಎದ್ದು ನಿಲ್ಲಬಾರದು. ಎಲ್ಲರೂ ನೆಲದ ಮೇಲೆ ದುಂಡಗೆ ಕೂತು ಓದುವುದು.

ಮೊದಲ ದಿನ ಸುಮ್ನೆ ಓದಿ. ತಿಳಿಯದ ಮಾತಿದ್ದರೆ ಕೇಳಲಿ, ತಿಳಿದ ಮೇಲೂ ನಾಲಿಗೆ ಹೊರಳದಿದ್ದರೆ ಆ ಮಾತನ್ನೇ ಬದಲಿಸಿ. ಎರಡನೇ ದಿನ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂದು ಪೆನ್ಸಿಲಿನಲ್ಲಿ ಗೆರೆ ಹಾಕಿಸಿ.

ಮೂರನೇ ದಿನದಿಂದ ಕೊನೆಯ ಅಕ್ಷರದ ಕೆಲಸ. ನಮ್ಮ ಮಾತಿನಲ್ಲಿ ಮುಖ್ಯವಾದದ್ದು ವಾಕ್ಯದ ಕೊನೆಗೆ ಬರುತ್ತದೆ. ಮಕ್ಕಳ ಉಸಿರು ಮುಗಿಯುವುದೂ ಅಲ್ಲೇ. “ಬಾಗಿಲು ತೆರೀಬ್ಯಾಡ” ಎಂದು ಹೇಳುವ ಹುಡುಗ ಕೊನೆಯ ಅಕ್ಷರ ನುಂಗಿದರೆ ಜನಕ್ಕೆ ಕೇಳಿಸುವುದು “ಬಾಗಿಲು ತೆರೀಬ...” ಅಷ್ಟೇ. ತೆರೆಯಬೇಕೋ, ತೆರೆಯಬಾರದೋ? “ನಾನು ಹೋಗಲ್ಲ” ಎಂಬುದರಲ್ಲಿ ‘ಲ್ಲ’ ಬಿದ್ದುಹೋದರೆ ಅರ್ಥವೇ ಕೆಟ್ಟಿತು. ಆದ್ದರಿಂದ ಪ್ರತಿ ಮಗುವೂ ತನ್ನ ಪ್ರತಿ ಸಾಲಿನ ಕೊನೆಯ ಪದವನ್ನು ಮಾತ್ರ ಒಂದು ಸಲ ಗಟ್ಟಿಯಾಗಿ ಹೇಳಲಿ. ಆಮೇಲೆ ಇಡೀ ಸಾಲನ್ನು ಹೇಳುತ್ತಾ ಆ ಪದಕ್ಕೆ ಅಷ್ಟೇ ದನಿ ಉಳಿಸಿಕೊಳ್ಳಲಿ. ಎರಡು ದಿನ ಇದನ್ನು ಮಾಡಿಸಿ ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ನಾಲ್ಕನೇ ದಿನ ಮೈದಾನಕ್ಕೆ ಹೋಗಿ. ಇಬ್ಬರು ಇಬ್ಬರಾಗಿ 20 ಮೀಟರ್ ದೂರ ನಿಂತು ಮಾತು ಆಡಲಿ. ಕೇಳಿಸಿಕೊಂಡವನು ತನಗೆ ಕೇಳಿಸಿದ್ದನ್ನೇ ತಿರುಗಿ ಹೇಳಬೇಕು. ಇಲ್ಲಿ ಮಕ್ಕಳು ಕಿರುಚಲು ಶುರು ಮಾಡುತ್ತಾರೆ, ತಡೆಯಿರಿ. ಕಿರುಚಿದರೆ ದನಿ ತೆಳುವಾಗುತ್ತದೆ, ಗಂಟಲು ಕೆಡುತ್ತದೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಉಸಿರು ತುಂಬಿ, ನಿಧಾನಕ್ಕೆ, ಬಾಯಿ ಅಗಲಿಸಿ ಹೇಳಿದರೆ ದೂರಕ್ಕೆ ಹೋಗುತ್ತದೆ.

ಈ ಹಂತದಲ್ಲಿ ಎಚ್ಚರಿಕೆಯ ಗುರುತುಗಳು ಮೂರು. ಮಾತಿಗೆ ಪದ್ಯದ ರಾಗ ಬಂದಿದ್ದರೆ ಮಗುವಿಗೆ ಅರ್ಥವಾಗಿಲ್ಲ ಎಂದು ತಿಳಿಯಿರಿ. “ಇದನ್ನೇ ನಿಮ್ಮ ಅಮ್ಮನಿಗೆ ಹೇಗೆ ಹೇಳ್ತೀಯ?” ಎಂದು ಕೇಳಿ, ರಾಗ ಬಿಟ್ಟುಹೋಗುತ್ತದೆ. ಒಂಬತ್ತನೇ ತರಗತಿ ಹುಡುಗರ ದನಿ ಒಡೆಯುತ್ತಿರುತ್ತದೆ. ಅವರಿಗೆ ಎತ್ತರದ ದನಿಯಲ್ಲಿ ಕೂಗುವ ಮಾತು ಕೊಡಬೇಡಿ. ಕೂಗಿದಾಗ ದನಿ ಒಡೆದು ಜನ ನಕ್ಕರೆ ಆ ಹುಡುಗ ಮತ್ತೆ ವೇದಿಕೆ ಹತ್ತುವುದಿಲ್ಲ. ಮೂರನೆಯದು, ಗಂಟಲು ಕಟ್ಟಿ ಎರಡು ಮೂರು ದಿನವಾದರೂ ಬಿಡದಿದ್ದರೆ ಆ ಮಗುವಿಗೆ ಮಾತು ನಿಲ್ಲಿಸಿ, ನಡಿಗೆ ಮಾತ್ರ ಮಾಡಿಸಿ. ಅಂದಹಾಗೆ, ತಾಲೀಮಿಗೆ ಮೊದಲು ಮಂಡಕ್ಕಿ-ಮಿರ್ಚಿ ಬೇಡ. ಎಣ್ಣೆ, ಖಾರಕ್ಕೆ ಗಂಟಲು ಕೆರೆಯುತ್ತದೆ. ಮುಗಿದ ಮೇಲೆ ಎಲ್ಲರಿಗೂ ತರಿಸಿ, ಸಂತೋಷವಾಗಿ ತಿನ್ನಲಿ.

5. ನಿಂತು ನಡೆಸಿ

ಮೊದಲು ವೇದಿಕೆ ಅಳೆಯಿರಿ. 20 ಅಡಿ ಅಗಲ ಇದ್ದರೆ ಶಾಮಿಯಾನದ ಕಂಬ, ಹೂವಿನ ಕುಂಡ ಎಲ್ಲ ಹೋಗಿ 16 ಅಡಿ ಸಿಗಬಹುದು. ಆ ಉಳಿದ ಅಳತೆಯನ್ನು ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಗುರುತು ಮಾಡಿ, ಅದರೊಳಗೇ ಅಭ್ಯಾಸ ಮಾಡಿಸಿ. ತರಗತಿಯ ಮೂಲೆಯಲ್ಲಿ ಕಲಿತ ಮಕ್ಕಳು ದೊಡ್ಡ ವೇದಿಕೆ ಹತ್ತಿದಾಗ ಒಂದೇ ಕಡೆ ಗುಂಪಾಗಿ ನಿಲ್ಲುತ್ತಾರೆ.

ಮಾತಾಡುವವರು ಮಾತ್ರ ಅಲುಗಾಡಬೇಕು, ಉಳಿದವರು ಅವರ ಕಡೆ ನೋಡಬೇಕು. ಇಬ್ಬರು ಮಾತಾಡುವಾಗ ಪೂರ್ತಿ ಎದುರುಬದುರು ತಿರುಗದೆ ಸ್ವಲ್ಪ ಜನರ ಕಡೆ ಓರೆಯಾಗಿ ನಿಲ್ಲಬೇಕು. ಬೆಳಗಿನ ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ ನಿಲ್ಲಿಸಬೇಡಿ. ಯಾರು ಎಲ್ಲಿಂದ ಬಂದು ಎಲ್ಲಿ ನಿಂತರು ಎಂಬುದನ್ನು ಎರಡನೇ ನೋಟ್‌ಬುಕ್ಕಿನಲ್ಲಿ ಚಿತ್ರ ಹಾಕಿ ಬರೆದಿಡಿ. ಇಲ್ಲದಿದ್ದರೆ ನಿನ್ನೆ ಹೇಳಿದ್ದು ಇವತ್ತು ಮರೆತು ದಿನಕ್ಕೊಂದು ರೀತಿಯಾಗುತ್ತದೆ.

ಮೂರನೇ ವಾರದ ಕೊನೆಗೆ ಕೈಯಿಂದ ಕಾಗದ ಹೋಗಬೇಕು. ನಾಲ್ಕನೇ ವಾರದಿಂದ ಪಕ್ಕದಲ್ಲಿ ನಿಂತು ಮಾತು ಎತ್ತಿಕೊಡುವುದನ್ನೂ ನಿಲ್ಲಿಸಿ. ಎತ್ತಿಕೊಡುವವರು ಇದ್ದಾರೆ ಎಂದಾದರೆ ಮಕ್ಕಳು ಕಾಯುತ್ತಾರೆ, ಆ ಪಿಸುಮಾತು ಮೈಕಿನಲ್ಲಿ ಊರಿಗೆಲ್ಲ ಕೇಳುತ್ತದೆ. ಮರೆತರೆ ಎದುರಿಗಿರುವವನು ಪ್ರಶ್ನೆ ಕೇಳಿ ದಾರಿಗೆ ತರಲಿ. ಇದನ್ನೂ ಬೇಕೆಂದೇ ಮರೆಸಿ ಅಭ್ಯಾಸ ಮಾಡಿಸಿ. ನಾಲ್ಕನೇ ವಾರವೂ ಕಾಗದ ಬೇಕೇ ಬೇಕು ಅನ್ನುವ ಹಾಗಿದ್ದರೆ ತಾಲೀಮು ಹೆಚ್ಚಿಸಬೇಡಿ, ನಾಟಕದ ಐದು ನಿಮಿಷ ಕತ್ತರಿಸಿ.

ಈ ನಡುವೆ ಮಕ್ಕಳು ಒಂದು ಒಳ್ಳೆಯ ನಾಟಕ ನೋಡುವಂತಾದರೆ ಬಹಳ ಉಪಯೋಗ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಸಾಮಾನ್ಯವಾಗಿ ನವೆಂಬರಿನಲ್ಲೇ ನಾಟಕೋತ್ಸವ ಇರುತ್ತದೆ. ಅಲ್ಲಿನ ಶಿವಸಂಚಾರ ತಂಡ ಊರೂರಿಗೆ ಬಂದು ನಾಟಕ ಆಡುತ್ತದೆ. ನೋಡಲು ಹೋದಾಗ ಮಕ್ಕಳಿಗೆ ಒಂದೇ ಕೆಲಸ ಕೊಡಿ: ಮಾತಿಲ್ಲದ ನಟರು ಏನು ಮಾಡುತ್ತಿದ್ದಾರೆ ಎಂದು ಗಮನಿಸಿ ಬರುವುದು.

6. ಕಿಂಡಿಯ ದೃಶ್ಯ ಕಟ್ಟಿ

ಇಡೀ ನಾಟಕದಲ್ಲಿ ಪೆಟ್ಟಾಗುವ ಅಪಾಯ ಇರುವುದು ಇಲ್ಲಿ. ಜನ ನಗುವ ಅಪಾಯವೂ ಇಲ್ಲೇ. ಇದಕ್ಕೆ ಮೂರು ನಾಲ್ಕು ತಾಲೀಮು ಪ್ರತ್ಯೇಕವಾಗಿ ಇಟ್ಟುಕೊಳ್ಳಿ.

ಎರಡು ಬೆಂಚುಗಳ ನಡುವೆ ಎರಡೂವರೆ ಅಡಿ ಜಾಗ ಬಿಡಿ. ಬಿದಿರಿನ ಗಳ ಕಟ್ಟಿ, ಮೇಲೆ ಗೋಣಿಚೀಲ, ಕಪ್ಪು ಬಟ್ಟೆ ಹೊದಿಸಿ. ಕಿಂಡಿಯ ಬಾಯಿ ಮೂರು ಅಡಿಗಿಂತ ಎತ್ತರ ಬೇಡ, ಬಗ್ಗಿಯೇ ಬರುವಂತಾಗಲಿ. ಇದನ್ನು ಜನರಿಗೆ ನೇರವಾಗಿ ಇಡದೆ ಓರೆಯಾಗಿ ಇಡಿ. ಆಗ ಬಗ್ಗಿ ಬರುವ ತಲೆಯೂ ಕಾಣುತ್ತದೆ, ಪಕ್ಕದಲ್ಲಿ ಕಾಯುತ್ತಿರುವ ಓಬವ್ವನೂ ಕಾಣುತ್ತಾಳೆ.

ನಿಜವಾದ ಒನಕೆ ತರಬೇಡಿ. ತೂಕ ಜಾಸ್ತಿ, ತುದಿಗೆ ಕಬ್ಬಿಣದ ಬಳೆ ಬೇರೆ ಇರುತ್ತದೆ. ಬಟ್ಟೆ ಥಾನು ಸುತ್ತಿ ಬರುವ ರಟ್ಟಿನ ಕೊಳವೆ ದಾವಣಗೆರೆಯ ಚೌಕಿಪೇಟೆಯಂಥ ಕಡೆ ಬಟ್ಟೆ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಅದಕ್ಕೆ ಹಳೇ ಪೇಪರ್ ಅಂಟಿಸಿ ಕಂದು ಬಣ್ಣ ಬಳಿದರೆ ದೂರದಿಂದ ಒನಕೆಯೇ. ಹಗುರ ಎಂದು ಗೊತ್ತಾಗದಂತೆ ಎತ್ತುವುದನ್ನು ಹುಡುಗಿಗೆ ಕಲಿಸಬೇಕು. ಒಂದು ದಿನ ಮನೆಯ ನಿಜವಾದ ಒನಕೆಯಲ್ಲಿ ಸುಮ್ನೆ ಒಂದಿಷ್ಟು ಕುಟ್ಟಿ ನೋಡಲಿ. ಭಾರ ಎತ್ತುವಾಗ ಮೊಣಕಾಲು, ಸೊಂಟ ಹೇಗೆ ಕೆಲಸ ಮಾಡುತ್ತವೆ ಎಂದು ಮೈಗೆ ತಿಳಿಯುತ್ತದೆ.

ಈಗ ಎಣಿಕೆ. ಒಂದು ಎಂದಾಗ ತಲೆ ಕಾಣುತ್ತದೆ. ಎರಡಕ್ಕೆ ಒನಕೆ ಮೇಲೇಳುತ್ತದೆ. ಮೂರಕ್ಕೆ ತಮಟೆಯ ಒಂದು ಪೆಟ್ಟು. ಒನಕೆ ಇಳಿಯುವುದು ಸೈನಿಕನ ಮೇಲಲ್ಲ. ಅವನಿಂದ ಎರಡು ಅಡಿ ಆಚೆ, ಹಿಂದಿನ ಪರದೆಯ ಕಡೆಗೆ ಇಟ್ಟ ಹೊಟ್ಟಿನ ಚೀಲದ ಮೇಲೆ. ಜನರಿಗೆ ಆ ಅಂತರ ಕಾಣುವುದಿಲ್ಲ. ನಾಲ್ಕಕ್ಕೆ ಸೈನಿಕ ಮುಂದಕ್ಕೆ ಬೀಳುತ್ತಾನೆ. ಅವನು ತಮಟೆಯ ಸದ್ದಿಗೆ ಬೀಳಬೇಕು, ಒನಕೆಯನ್ನು ನೋಡಿ ಬೀಳಬಾರದು. ಈ ನಿಯಮ ಇದ್ದರೆ ಒನಕೆ ಸ್ವಲ್ಪ ಹಿಂದೆ ಮುಂದೆ ಆದರೂ ಯಾರಿಗೂ ತಾಗುವುದಿಲ್ಲ, ಜನರಿಗೂ ತಪ್ಪು ಕಾಣುವುದಿಲ್ಲ.

ಆಮೇಲೆ ಎಳೆಯುವುದು. ಬಿದ್ದವನ ಮಣಿಕಟ್ಟು ಹಿಡಿದು ಎಳೆಯಬಾರದು, ಕೀಲು ತಪ್ಪಬಹುದು. ಕಂಕುಳಿಗೆ ಕೈ ಹಾಕಲಿ, ಬಿದ್ದವನು ಜನರಿಗೆ ಕಾಣದ ಕಾಲಿನಿಂದ ತಾನೇ ನೂಕಿಕೊಳ್ಳಲಿ. ಬೆಂಚಿನ ಹಿಂದೆ ಹೋದವನು ಪರದೆಯ ಹಿಂದಿನಿಂದ ಸುತ್ತಿ, ರುಮಾಲು ಬದಲಿಸಿ, ಮತ್ತೆ ಸಾಲಿನ ಕೊನೆಗೆ ಬರುತ್ತಾನೆ. ಹೀಗೆ ನಾಲ್ಕೇ ಮಕ್ಕಳಿದ್ದರೂ ದೊಡ್ಡ ಸೈನ್ಯವೇ ಬಂದಂತೆ ಕಾಣುತ್ತದೆ.

ಎಲ್ಲ ಪೆಟ್ಟೂ ಒಂದೇ ಲಯದಲ್ಲಿ ಬಿದ್ದರೆ ಮೂರನೆಯದಕ್ಕೆ ಜನ ನಗುತ್ತಾರೆ. ನಿಮ್ಮ ತಾಲೀಮು ನೋಡುತ್ತಿರುವ ಬೇರೆ ಮಕ್ಕಳು ನಕ್ಕರೆ ಅದನ್ನೇ ಎಚ್ಚರಿಕೆ ಎಂದು ತಿಳಿಯಿರಿ. ಮೊದಲನೆಯದು ಬಹಳ ನಿಧಾನವಾಗಿರಲಿ. ಅವಳು ಕೊಡ ಕೆಳಗಿಡುವ ಸದ್ದು ಕೇಳಬೇಕು. ಪೆಟ್ಟಾದ ಮೇಲೆ ಅವಳು ತನ್ನ ಕೈಯನ್ನೇ ಒಂದು ಸಲ ನೋಡಿಕೊಳ್ಳಲಿ. ಎರಡನೆಯದು ಸ್ವಲ್ಪ ಬೇಗ. ನಾಲ್ಕನೆಯದರಿಂದ ತಮಟೆ ನಿಲ್ಲಬಾರದು, ಪೆಟ್ಟುಗಳನ್ನು ಬೇರೆ ಬೇರೆಯಾಗಿ ತೋರಿಸುವ ಅಗತ್ಯವೂ ಇಲ್ಲ. ಇಡೀ ದೃಶ್ಯ ಮೂರು ನಿಮಿಷ ದಾಟದಿರಲಿ. ರಕ್ತದ ಬಣ್ಣ ಬೇಡವೇ ಬೇಡ, ಮುಂದಿನ ಸಾಲಿನಲ್ಲಿ ಪುಟ್ಟ ಮಕ್ಕಳು ಕೂತಿರುತ್ತಾರೆ.

7. ಬಟ್ಟೆ, ಬಣ್ಣ

ಓಬವ್ವನಿಗೆ ಬಾಡಿಗೆ ವೇಷ ಬೇಕಿಲ್ಲ. ಮನೆಯ ಹಳೇ ಕೈಮಗ್ಗದ ಸೀರೆಯನ್ನು ಕಚ್ಚೆ ಹಾಕಿ ಉಡಿಸಿದರೆ ಅದಕ್ಕಿಂತ ಚೆಂದ. ಐದನೇ ವಾರದಿಂದಲೇ ಅದನ್ನು ಉಟ್ಟು ಅಭ್ಯಾಸ ಮಾಡಲಿ. ಬಾಡಿಗೆ ವೇಷ ಬರುವುದು ಅದೇ ದಿನ ಸಂಜೆ. ಒಂದೋ ದೊಗಳೆ, ಇಲ್ಲವೇ ಬಿಗಿ. ಸೈನಿಕರಿಗೆ ಹಳೇ ಪಂಚೆಗೆ ಬಣ್ಣ ಹಾಕಿ ರುಮಾಲು ಸುತ್ತಿಸಿ. ಕತ್ತಿ ರಟ್ಟಿನದು. ತಗಡಿನ ಕತ್ತಿ ಬೇಡ.

ಮುಖಕ್ಕೆ ಬಣ್ಣ ಹಚ್ಚುವ ಹಿಂದಿನ ದಿನವೇ ಪ್ರತಿ ಮಗುವಿನ ಮಣಿಕಟ್ಟಿಗೆ ಒಂದು ಬೊಟ್ಟು ಹಚ್ಚಿ ಬಿಡಿ. ತುರಿಕೆ, ಕೆಂಪು ಕಂಡರೆ ಆ ಬಣ್ಣ ಬೇಡ. ಮೀಸೆ ಅಂಟಿಸಲು ಬಣ್ಣದವರ ಹತ್ತಿರ ಸಿಗುವ ಸ್ಪಿರಿಟ್ ಗಮ್ ಮಾತ್ರ. ಮನೆಯಲ್ಲಿ ವಸ್ತು ಅಂಟಿಸುವ ಯಾವ ಅಂಟನ್ನೂ ಮುಖಕ್ಕೆ ಹಾಕಬಾರದು. ಕಾಡಿಗೆಯಲ್ಲಿ ಬರೆದ ಮೀಸೆ ಎಲ್ಲಕ್ಕಿಂತ ಸುರಕ್ಷಿತ.

8. ಮೈಕು, ದೀಪ

ವೇದಿಕೆಯ ಅಂಚಿನಲ್ಲಿ ಮೂರು ಸ್ಟ್ಯಾಂಡ್ ಮೈಕು ಸಾಕು. ಅವು ಗಿಡ್ಡವಾಗಿರಲಿ, ಮುಖಕ್ಕೆ ಅಡ್ಡ ಬರದಂತೆ. ಸ್ಪೀಕರ್ ಪೆಟ್ಟಿಗೆಗಳು ಮೈಕುಗಳಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಬೇಕು. ಹಿಂದೆ ಇಟ್ಟರೆ ಸ್ಪೀಕರಿನ ಸದ್ದೇ ಮೈಕಿಗೆ ಹೋಗಿ ಕುಯ್ ಎಂದು ಕೂಗುತ್ತದೆ. ಆಗ ಮೈಕಿನವರು ದನಿ ತಗ್ಗಿಸುತ್ತಾರೆ, ನಾಟಕ ಮುಗಿಯುವವರೆಗೂ ಹೆಚ್ಚಿಸುವುದಿಲ್ಲ. ಹಲಗೆಯ ವೇದಿಕೆಯಾದರೆ ಸ್ಟ್ಯಾಂಡಿನ ಕೆಳಗೆ ಮಡಿಸಿದ ಗೋಣಿ ಹಾಕಿ, ಕಾಲಿನ ಸದ್ದು ಏರುವುದಿಲ್ಲ. ಬಯಲು ವೇದಿಕೆಯಲ್ಲಿ ಗಾಳಿ ಬೀಸಿದರೆ ಮೈಕು ಬುಸುಗುಟ್ಟುತ್ತದೆ. ದುರ್ಗದ ಕಡೆಯ ಗಾಳಿ ಗೊತ್ತೇ ಇದೆ ಅಲ್ವಾ, ಸ್ಪಂಜಿನ ಟೋಪಿ ಹಾಕಿಸಿ. ಹಿಂದಿನ ಪರದೆಯ ಕೆಳಗೆ ಮರಳು ತುಂಬಿದ ಚೀಲ ಕಟ್ಟಿ.

ದೀಪ ಎರಡೂ ಪಕ್ಕದಿಂದ, ಮುಂದಿನಿಂದ, ಮೇಲಿನಿಂದ ಓರೆಯಾಗಿ ಬೀಳಬೇಕು. ಈಗ ಸಿಗುವ ಎಲ್‌ಇಡಿ ಫ್ಲಡ್ ಲೈಟ್ ಒಳ್ಳೆಯದು. ಹ್ಯಾಲೋಜನ್ ಆದರೆ ಬಹಳ ಬಿಸಿಯಾಗುತ್ತದೆ, ಪರದೆಗೂ ಶಾಮಿಯಾನದ ಬಟ್ಟೆಗೂ ದೂರ ಇರಲಿ. ಪಕ್ಕದಲ್ಲಿ ಎರಡು ಬಕೆಟ್ ಮರಳು ಇಟ್ಟಿರಿ. ಕುಣಿತಕ್ಕೆ ಹಾಕಿದ ಮಿಣಮಿಣ ದೀಪವನ್ನು ನಾಟಕದಲ್ಲಿ ಆರಿಸಲು ಮೊದಲೇ ಹೇಳಿ. ಮೈಕಿನವರ ಪಕ್ಕದಲ್ಲಿ ಮಾತಿನ ನೋಟ್‌ಬುಕ್ ಹಿಡಿ‌ದ ಒಬ್ಬ ಶಿಕ್ಷಕರು ಕೂತೇ ಇರಬೇಕು.

9. ನಾಟಕದ ಹೊತ್ತನ್ನು ಹಿಡಿದುಕೊಳ್ಳಿ

ನಾಟಕ ಕೊನೆಗೆ ಇರಲಿ, ಜನ ಕಾಯುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಭಾಷಣ ಎಳೆಯುತ್ತದೆ, ಬಹುಮಾನ ವಿತರಣೆ ಎಳೆಯುತ್ತದೆ, ಹದಿನೈದು ಕುಣಿತ ಆಗುತ್ತವೆ. ಹತ್ತು ಗಂಟೆಗೆ ಬಣ್ಣ ಹಚ್ಚಿಕೊಂಡ ಮಕ್ಕಳು ಹಸಿದು ತೂಕಡಿಸುತ್ತಿರುತ್ತಾರೆ. ಊರಿನ ಕಡೆ ಹೋಗುವ ಜನ ಎದ್ದಿರುತ್ತಾರೆ. ಸಭಾ ಕಾರ್ಯಕ್ರಮ ಮುಗಿದ ಮೇಲೆ ಎರಡನೆಯದೋ ಮೂರನೆಯದೋ ಆಗಿ ನಾಟಕ ಇರಬೇಕು ಎಂದು ಮುಖ್ಯ ಶಿಕ್ಷಕರ ಹತ್ತಿರ ವಾರದ ಮೊದಲೇ ಮಾತಾಡಿ, ಕಾರ್ಯಕ್ರಮದ ಪಟ್ಟಿಯಲ್ಲಿ ಅಚ್ಚು ಹಾಕಿಸಿ. ಪಟ್ಟಿಯಲ್ಲಿ ಇಲ್ಲದ ಹೊತ್ತು ಸಿಗುವುದಿಲ್ಲ.

10. ಆ ದಿನ

ಮಧ್ಯಾಹ್ನ ವೇದಿಕೆ ಸಿಕ್ಕ ಕೂಡಲೇ, ಬಟ್ಟೆ-ಬಣ್ಣ ಇಲ್ಲದೆ, ಮೈಕು ಹಾಕಿಸಿ ಒಂದು ಸಲ ಓಡಿಸಿ. ಎಲ್ಲ ಮಾತು ಬೇಕಿಲ್ಲ, ಪ್ರತಿ ದೃಶ್ಯದ ಶುರು ಮತ್ತು ಕೊನೆ ಸಾಕು. ಕಿಂಡಿಯ ದೃಶ್ಯ ಮಾತ್ರ ಪೂರ್ತಿ ಆಗಲಿ. ಒಬ್ಬರು ಕಟ್ಟಕಡೆಯ ಕುರ್ಚಿಯಲ್ಲಿ ಕೂತು ಕೇಳಿ, ಯಾರ ಮಾತು ಬರುತ್ತಿಲ್ಲ ಎಂದು ಕೈ ಎತ್ತಿ ತೋರಿಸಲಿ.

ಸಂಜೆ ಐದಕ್ಕೆ ಮಕ್ಕಳಿಗೆ ಹಗುರವಾಗಿ ತಿನ್ನಿಸಿ. ಕುಡಿಯಲು ಬಿಸಿನೀರು ಇಡಿ. ಸಾಮಾನುಗಳನ್ನು ದೃಶ್ಯದ ಕ್ರಮದಲ್ಲಿ ಒಂದು ಮೇಜಿನ ಮೇಲೆ ಜೋಡಿಸಿ, ಆ ಮೇಜಿಗೆ ಒಬ್ಬರೇ ಜವಾಬ್ದಾರರು. ಪರದೆಯ ಹಿಂದೆ ಪಾತ್ರವಿಲ್ಲದ ಯಾರೂ ಬರಬಾರದು, ಪೋಷಕರೂ ಸೇರಿ. ಕರೆಂಟ್ ಹೋದರೆ ಮಕ್ಕಳು ಇದ್ದ ಜಾಗದಲ್ಲೇ ಕೂರಬೇಕು, ಕತ್ತಲಲ್ಲಿ ವೇದಿಕೆ ಇಳಿಯಬಾರದು. ಇದನ್ನು ಬೆಳಗ್ಗೆಯೇ ಹೇಳಿರಿ. ಜನರೇಟರ್ ಶುರುವಾದ ಮೇಲೆ ನಿಂತ ಸಾಲಿನಿಂದಲೇ ಮುಂದುವರಿಸಿ, ಮೊದಲಿನಿಂದ ಆಡಬೇಡಿ.

ಮುಗಿದ ಮೇಲೆ ಕೊಬ್ಬರಿ ಎಣ್ಣೆ ಮತ್ತು ಹಳೇ ಬಟ್ಟೆಯಿಂದ ಬಣ್ಣ ತೆಗೆಯಿರಿ. ಸೋಪು ಹಾಕಿ ಉಜ್ಜುವುದು ಆಮೇಲೆ. ಪ್ರತಿ ಮಗುವನ್ನೂ ಹೆಸರು ಕೂಗಿ ಮನೆಯವರ ಕೈಗೇ ಒಪ್ಪಿಸಿ, ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಿ. ಬಾಡಿಗೆ ಸಾಮಾನು ಮರುದಿನ ಬೆಳಗ್ಗೆಯೇ ಎಣಿಸಿ ಹಿಂದಿರುಗಿಸಿ. ಎರಡೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಯಾವ ಸಾಲಿಗೆ ಜನ ಸ್ಪಂದಿಸಿದರು, ಎಲ್ಲಿ ಗದ್ದಲ ಶುರುವಾಯಿತು ಎಂದು ಅದೇ ವಾರ ಮಕ್ಕಳಿಂದಲೇ ಬರೆಸಿ, ಶಾಲೆಯ ಗ್ರಂಥಾಲಯದ ಬೀರುವಿನಲ್ಲಿ ಇಡಿಸಿ. ಈಗ ಎಂಟನೇ ತರಗತಿಯಲ್ಲಿರುವವರು ಮುಂದಿನ ವರ್ಷ ಅದನ್ನು ತೆಗೆದುಕೊಂಡೇ ಕೆಲಸ ಶುರು ಮಾಡಲಿ.